ಹೊಳೆಗೆ ಬೀಳಬೇಕಿದ್ದ ಸ್ಪ್ಯಾನರ್

ಕೈ ಚೆನ್ನಾಗಿತ್ತು, ಬಾಯಿ ಚೆನ್ನಾಗಿರಲಿಲ್ಲ. ಭದ್ರಾವತಿಯ ಹಳೇನಗರದಲ್ಲಿ ಗ್ಯಾಸ್ ಒಲೆ, ಗೀಸರ್ ರಿಪೇರಿ ಮಾಡುವ ಅಲ್ಲಾಬಕ್ಷ್ ಬಗ್ಗೆ ಯಾರನ್ನು ಕೇಳಿದರೂ ಇಷ್ಟೇ ಹೇಳುತ್ತಿದ್ದರು. ಕುಡಿತ, ಬೈಗುಳ, ಅಂಥದ್ದೇನೂ ಇಲ್ಲ. ಇದ್ದದ್ದನ್ನು ಇದ್ದ ಹಾಗೆ, ಇದ್ದವರೆಲ್ಲರ ಎದುರಿಗೇ ಹೇಳಿಬಿಡುವ ರೋಗ. ಒಮ್ಮೆ ಹೊನ್ನಯ್ಯ ಮೇಷ್ಟ್ರು ಮನೆ ತುಂಬ ನೆಂಟರಿರುವಾಗ ಗ್ಯಾಸ್ ಲೀಕ್ ಆಗುತ್ತಿದೆ ಎಂದು ಹೆದರಿ ಅವನನ್ನು ಕರೆಸಿದ್ದರು. ಅಲ್ಲಾಬಕ್ಷ್ ಬಾಗಿಲಲ್ಲೇ ನಿಂತು ಮೂಗೆಳೆದ. "ಗ್ಯಾಸಲ್ಲ ಮೇಷ್ಟ್ರೇ, ನಿಮ್ಮ ಭಾವನೋರ ಸಾಕ್ಸು" ಅಂದ. ಆಮೇಲೆ ಆ ಭಾವ ಆ ಮನೆಗೆ ಬರಲಿಲ್ಲವಂತೆ. ಮೇಷ್ಟ್ರ ಹೆಂಡತಿ ಅಲ್ಲಾಬಕ್ಷ್‌ನನ್ನೂ ಮತ್ತೆ ಕರೆಯಲಿಲ್ಲ.

ಇಂಥ ಮನುಷ್ಯನಿಗೆ ಶಿರೀನ್ ಎಂಬ ಮಗಳು. ಶಿವಮೊಗ್ಗದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಅದೇ ಊರಿನ ಉಮೈರ್ ಜ್ವರ ಬಂದು ಒಮ್ಮೆ ಅಲ್ಲಿಗೆ ಹೋಗಿದ್ದ. ಅವಳು ಸೂಜಿ ಕೈಗೆತ್ತಿಕೊಂಡಳು, ಇನ್ನೂ ಚುಚ್ಚಿರಲಿಲ್ಲ, ಅಷ್ಟರಲ್ಲೇ ಅವನು ಕುರ್ಚಿಯಿಂದ ಜಾರಿದ. ಎಚ್ಚರವಾದಾಗ ಅವಳು ಮುಖಕ್ಕೆ ನೀರು ಚಿಮುಕಿಸುತ್ತಿದ್ದಳು. ಅಲ್ಲಿಂದ ಶುರುವಾದದ್ದು ದೊಡ್ಡವರ ಕಿವಿಗೆ ಬಿದ್ದು, ಉಮೈರ್‌ನ ತಾಯಿ ಮೆಹಬೂಬ್ ಬೀ ಭದ್ರಾವತಿಗೆ ಬಂದು, ಬಿರಿಯಾನಿ ಉಂಡು, ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿ, ಅವಳಪ್ಪನನ್ನು ಅದಕ್ಕಿಂತ ಹೆಚ್ಚು ಹೊತ್ತು ನೋಡಿ, "ನೋಡೋಣ" ಅಂದು ಎದ್ದುಹೋಗಿದ್ದರು.

ಈ 'ನೋಡೋಣ' ಎಷ್ಟು ದಿನವಾದರೂ ಮುಂದಕ್ಕೆ ಹೋಗಲಿಲ್ಲ.

ಮೆಹಬೂಬ್ ಬೀಯವರ ಬಗ್ಗೆ ಒಂದು ಮಾತು ಹೇಳಲೇಬೇಕು. ಅವರು ಹುಟ್ಟಿದ್ದು ಆಯನೂರಿನ ಕಡೆ, ಸುತ್ತ ಕನ್ನಡದವರ ನಡುವೆ. ಪ್ರೀತಿ ಬಂದಾಗ ದಖನಿ ಉರ್ದು, ಉಳಿದ ಹೊತ್ತೆಲ್ಲ ಕನ್ನಡ. ಅಲ್ಲಾಬಕ್ಷ್ ಜೊತೆ ಅವರು ಈವರೆಗೆ ಒಂದು ಶಬ್ದ ದಖನಿ ಆಡಿರಲಿಲ್ಲ.

ಹಾಗಿರುವಾಗ ಒಂದು ಬೆಳಗ್ಗೆ ಅವರದೇ ಫೋನ್ ಬಂತು.

"ಮಿಸ್ತ್ರಿ, ನೀವು ಗ್ಯಾಸಿನ ಕೆಲಸದವರಲ್ವಾ? ನಮ್ಮನೆ ಗೀಸರಲ್ಲಿ ದೀಪ ನಿಲ್ತಿಲ್ಲ. ಹಚ್ಚಿದ್ರೆ ಹತ್ಕೊಳ್ಳುತ್ತೆ, ನೋಡ್ತಾ ನೋಡ್ತಾ ಹೋಗ್ಬಿಡುತ್ತೆ. ಬರ್ತೀರಾ?"

ಇದು ಗೀಸರಿನ ವಿಷಯ ಅಲ್ಲ, ಪರೀಕ್ಷೆ, ಎಂದು ಅಲ್ಲಾಬಕ್ಷ್‌ಗೆ ಹೊಳೆಯಿತು. ಹೊರಡುವಾಗ ಶಿರೀನ್ ಅವನ ಕೈಗೆ ಚೀಲ ಕೊಟ್ಟು, "ಅಬ್ಬಾ, ಸ್ಕ್ರೂ ಬೇಕಾದ್ರೆ ಎಷ್ಟಾದ್ರೂ ಬಿಚ್ಚಿ. ಬಾಯಿ ಮಾತ್ರ ಬಿಚ್ಚಬೇಡಿ" ಅಂದಳು.

ಶಿವಮೊಗ್ಗದ ರವೀಂದ್ರನಗರದ ಅವರ ಮನೆಯ ಹಿಂಭಾಗದಲ್ಲಿ ಒಂದು ಉದ್ದದ ಓಣಿಯಂಥ ಜಾಗ. ಒಂದು ಕಡೆ ಬಚ್ಚಲು, ಇನ್ನೊಂದು ಕಡೆ ಅಡುಗೆಮನೆಯ ಬಾಗಿಲು. ನಡುವೆ ಗೋಡೆಗೆ ತಾಗಿ, ಗಿಡ್ಡ ಕಾಲುಗಳ ಮೇಲೆ, ಬಿಳೀ ಪೀಪಾಯಿಯಂಥ ಗೀಸರ್ ನಿಂತಿತ್ತು. ಮೆಹಬೂಬ್ ಬೀಯ ಗಂಡ ಮಸ್ಕತ್‌ನಲ್ಲಿ ದುಡಿಯುವಾಗ ಹಡಗಿನಲ್ಲಿ ಕಳಿಸಿದ್ದು. ಅವರು ತೀರಿಹೋಗಿದ್ದಾರೆ, ಗೀಸರ್ ಇದೆ. ಬೇರೆ ಹಾಕಿಸೋಣ ಅಂತ ಯಾರಾದರೂ ಅಂದರೆ ಮೆಹಬೂಬ್ ಬೀ ಅವರಿಗೆ ಚಾ ಕೊಡುವುದನ್ನೇ ನಿಲ್ಲಿಸುತ್ತಿದ್ದರು.

ಅದರ ಹೊಟ್ಟೆಯೊಳಗೆ, ಕೆಳಗಡೆ, ಬೆರಳ ತುದಿಯಷ್ಟು ಒಂದು ಜ್ವಾಲೆ ಯಾವಾಗಲೂ ಉರಿಯುತ್ತಿರಬೇಕು. ಪೈಲಟ್ ಅನ್ನುತ್ತಾರೆ. ಪಕ್ಕದಲ್ಲೇ ಒಂದು ಸಣ್ಣ ತಾಮ್ರದ ಕಡ್ಡಿ. ಜ್ವಾಲೆಯಿಂದ ಕಡ್ಡಿ ಬಿಸಿಯಾಗಿರುವವರೆಗೂ ಗ್ಯಾಸ್ ಬರುತ್ತದೆ. ಕಡ್ಡಿ ತಣ್ಣಗಾಯಿತೋ, 'ಟಕ್' ಅಂತ ಗ್ಯಾಸ್ ನಿಲ್ಲುತ್ತದೆ. ದೀಪ ಆರಿದ ಮೇಲೂ ಗ್ಯಾಸ್ ಹರಿದು ಮನೆಗೆ ಬೆಂಕಿ ಬೀಳದಿರಲಿ ಎಂದು ಮಾಡಿದ ಏರ್ಪಾಡು.

ಅಲ್ಲಾಬಕ್ಷ್ ನಾಬ್ ಒತ್ತಿ ಹಿಡಿದು ಪೈಲಟ್ ಹಚ್ಚಿದ. ಹತ್ತಿತು. ಕೈ ಬಿಟ್ಟ. ಆರಿತು. ಮತ್ತೆ ಹಚ್ಚಿ, ಮನಸ್ಸಿನಲ್ಲೇ ನಿಧಾನಕ್ಕೆ ಎಣಿಸಿ ಕೈ ಬಿಟ್ಟ. ಮತ್ತೆ ಆರಿತು.

"ಕಡ್ಡಿ ಹೋಗಿದೆ ಆಪಾ" ಅಂದ. ಬಗ್ಗಿ ಕೈ ಹಾಕಿ ಕಡ್ಡಿ ಕಿತ್ತ. ತುದಿ ಕಾಡಿಗೆಯ ಹಾಗೆ ಕಪ್ಪಾಗಿ ಜಿಗಟಾಗಿತ್ತು. ಯಾಕೆ ಕಪ್ಪಾಯಿತು ಎಂದು ಯೋಚಿಸುವ ಬದಲು ಹಳೇ ಸಾಮಾನು ಹೀಗೇ ಅಂದುಕೊಂಡು ಚೀಲದಲ್ಲಿದ್ದ ಹೊಸ ಕಡ್ಡಿ ಕೂರಿಸಿದ. ಹಚ್ಚಿದ. ಜ್ವಾಲೆ ಅಲ್ಲಾಡದೆ ನಿಂತಿತು. ಇಲ್ಲಿಗೆ ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಮೆಹಬೂಬ್ ಬೀ, "ಇದು ನಿಲ್ಲುತ್ತೆ ಅಂತೀರಾ?" ಎಂದು ಕೇಳಿಬಿಟ್ಟರು.

ಅಲ್ಲಾಬಕ್ಷ್ ಎದ್ದು ನಿಂತು ಸ್ಪ್ಯಾನರನ್ನು ಗಾಳಿಯಲ್ಲಿ ಎತ್ತಿದ. "ಇನ್ನೊಂದ್ಸಲ ಆರಿದ್ರೆ ಈ ಸ್ಪ್ಯಾನರ್ ತಗೊಂಡೋಗಿ ಭದ್ರಾ ಹೊಳೆಗೆ ಬಿಸಾಕ್ತೀನಿ ಆಪಾ."

ಶುಕ್ರವಾರ ಬೆಳಗ್ಗೆ ಫೋನ್ ಬಂತು. ಸಲಾಮು ಮುಗಿಯುತ್ತಿದ್ದ ಹಾಗೆ ಮೆಹಬೂಬ್ ಬೀ ಕೇಳಿದ್ದು ಒಂದೇ: "ಹೊಳೇಲಿ ನೀರು ಎಷ್ಟಿದೆ ಮಿಸ್ತ್ರಿ?"

ಎರಡನೇ ಸಲ ಅವನು ಸಿಲಿಂಡರ್ ಅಲ್ಲಾಡಿಸಿದ, ರೆಗ್ಯುಲೇಟರ್ ಬದಲಿಸಿದ, ಪೈಪಿಗೆ ಸೋಪಿನ ನೊರೆ ಬಳಿದು ಗುಳ್ಳೆ ಏಳುತ್ತದೋ ಎಂದು ನೋಡಿದ. ಕಡ್ಡಿ ಮತ್ತೆ ಮಂಕಾಗಿತ್ತು, ಒರೆಸಿ ಹಾಕಿದ. ತಪ್ಪೆಲ್ಲ ಗೀಸರಿನ ಪಕ್ಕದ ಕಿಟಕಿಯ ಗಾಳಿಯ ಮೇಲೆ ಹೊರಿಸಿ, ಅದಕ್ಕೆ ರಟ್ಟು ಹೊಡೆದ. ದೀಪ ನಿಂತಿತು. ಈ ಸಲ ಏನೂ ಬಡಾಯಿ ಕೊಚ್ಚಲಿಲ್ಲ. ಬಾಯಿಗೆ ಬಂದದ್ದನ್ನು ಚಾದ ಜೊತೆ ನುಂಗಿದ. ಉಮೈರ್ ಬಾಗಿಲ ಸಂದಿಯಿಂದ ನೋಡುತ್ತಿದ್ದ. ವಿನೋಬನಗರದಲ್ಲಿ ಅವನದು ಬೈಕಿನ ಸೀಟ್ ಕವರ್ ಹೊಲಿಯುವ ಅಂಗಡಿ. ಆದರೆ ಅಲ್ಲಾಬಕ್ಷ್ ಬಂದ ದಿನ ಅಂಗಡಿಗೆ ತಡವಾಗಿಯೇ ಹೋಗುತ್ತಿದ್ದ.

ಮುಂದಿನ ಶುಕ್ರವಾರ ಮತ್ತೆ ಫೋನ್.

"ನಿಮ್ಮ ಮಗಳ ಮಾತು ಆಮೇಲೆ ಆಡೋಣ ಮಿಸ್ತ್ರಿ" ಅಂದರು ಮೆಹಬೂಬ್ ಬೀ. "ಅಕ್ಕಪಕ್ಕದೋರು ಕೇಳ್ತಾರೆ. ಗ್ಯಾಸಿನ ಮಿಸ್ತ್ರಿ ಮನೆ ಹುಡುಗಿ ತರ್ತೀರಂತೆ, ನಿಮ್ಮನೇಲಿ ತಣ್ಣೀರು ಸ್ನಾನವಂತೆ, ಅಂತ. ಮೊದಲು ನನ್ನ ನೀರು ಬಿಸಿ ಆಗ್ಲಿ. ಆಗಲ್ಲ ಅಂದ್ರೆ ಅದನ್ನೂ ಹೇಳ್ಬಿಡಿ. ನಮ್ಮ ಹುಡುಗನಿಗೆ ಬೇರೆ ಕಡೆಯಿಂದಲೂ ಕೇಳ್ತಿದ್ದಾರೆ."

ಅಲ್ಲಾಬಕ್ಷ್ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ. ಹುಡುಗಿಯಲ್ಲಿ ಕೊರತೆ ಇಲ್ಲ, ಹುಡುಗನಿಗೆ ಮನಸ್ಸಿದೆ, ಕೊನೆಗೆ ಒಂದು ಪೈಲಟ್ ದೀಪಕ್ಕೆ ಮದುವೆಯ ರಿಶ್ತಾ ಮುರಿಯುವುದಾ? "ಆರೋದು ಶುಕ್ರವಾರದೊಳಗೆ ತಾನೆ ಆಪಾ? ಗುರುವಾರ ಬರ್ತೀನಿ. ಪೊಲೀಸಿನೋರ ಹಾಗೆ ಅದರ ಮುಂದೆ ಕಾವಲು ಕೂರ್ತೀನಿ. ಹೆಂಗೆ ಆರುತ್ತೋ ನೋಡೇಬಿಡೋಣ."

ಮನಸ್ಸಿನಲ್ಲಿ ಬೇರೆಯೇ ಗುಮಾನಿ ಇತ್ತು. ಈ ಹೆಂಗಸು ಹುಡುಗಿ ಬೇಡವೆನ್ನಲು ನೆಪ ಬೇಕಾಗಿ ತಾನೇ ಆರಿಸುತ್ತಿರಬೇಕು. ಸಿಕ್ಕಿಬೀಳಲಿ, ಆಮೇಲೆ ಬಾಯಿಯನ್ನು ಯಾರು ಹಿಡಿಯುತ್ತಾರೆ ನೋಡೋಣ.

ಗುರುವಾರ ಮಧ್ಯಾಹ್ನ ಬಂದು ಕೆಳಗಿನ ಮುಚ್ಚಳವನ್ನು ಪೂರಾ ಬಿಚ್ಚಿದ. ಮೊದಲೇ ಮಾಡಬೇಕಿದ್ದ ಕೆಲಸ. ಪೈಲಟ್ಟಿನ ತೂತು ಕಟ್ಟಿಕೊಂಡಿತ್ತು, ಗಾಳಿ ಒಳಬರುವ ಕಿಂಡಿಯಲ್ಲಿ ಕಪ್ಪು ಅಂಟು. ಬೆರಳಿಗೆ ಹಚ್ಚಿಕೊಂಡು ನೋಡಿದ. ಗೀಸರಿನ ಕೊಳೆಯಲ್ಲಿ ಅವನಿಗೆ ಗೊತ್ತಿಲ್ಲದ ಕೊಳೆ ಇರಲಿಲ್ಲ. ಜೇಡನ ಬಲೆ, ತುಕ್ಕು, ಹಲ್ಲಿಯ ಮೊಟ್ಟೆ, ಒಗ್ಗರಣೆಯ ಜಿಡ್ಡು, ಎಲ್ಲ ಕಂಡಿದ್ದ. ಇದು ಯಾವುದೂ ಅಲ್ಲ. ಮೂಗಿಗೆ ಹಿಡಿದ. ದರ್ಗಾದೊಳಗೆ ಕಾಲಿಟ್ಟ ಹಾಗಾಯಿತು.

ಸೂಜಿಯಿಂದ ತೂತು ಬಿಡಿಸಿ, ಎಲ್ಲ ಒರೆಸಿ, ದೀಪ ಹಚ್ಚಿದ. ನೀಲಿಯಾಗಿ, ಚೂಪಾಗಿ ನಿಂತಿತು. ಇದನ್ನು ಎಲ್ಲಿ ಮೂಸಿದ್ದೆ ಎಂದು ಯೋಚಿಸುತ್ತ ತಲೆಯನ್ನು ಗೀಸರಿನ ಅಡಿಗೆ ತೂರಿಸಿ ಮಲಗಿಕೊಂಡೇ ಕಾವಲು ಶುರುಮಾಡಿದ. ಹೊತ್ತು ಇಳಿಯಿತು. ಮಸೀದಿಯಲ್ಲಿ ಸಂಜೆಯ ಮಗ್ರಿಬ್ ಬಾಂಗ್ ಆಗಿ ಸ್ವಲ್ಪ ಹೊತ್ತಿಗೆ ಹಿಂದಿನಿಂದ ಚಪ್ಪಲಿಯ ಸಪ್ಪಳ.

"ಸ್ವಲ್ಪ ತಲೆ ಸರಿಸ್ತೀರಾ ಮಿಸ್ತ್ರಿ?"

ಮೆಹಬೂಬ್ ಬೀ ಕೈಯಲ್ಲಿ ಮಣ್ಣಿನ ಧೂಪದಾನಿ. ಅದರೊಳಗೆ ಕೆಂಡ, ಕೆಂಡದ ಮೇಲೆ ಲೋಬಾನ, ಅದರ ಮೇಲೆ ಎಮ್ಮೆ ಗಾತ್ರದ ಹೊಗೆ. ಗುರುವಾರ ಸಂಜೆ ಮನೆಮನೆಯಲ್ಲೂ ಕೋಣೆ ಕೋಣೆಗೆ ಲೋಬಾನದ ಹೊಗೆ ಹಿಡಿಯುವುದು ಅಲ್ಲಾಬಕ್ಷ್‌ಗೂ ಹೊಸದಲ್ಲ. ಆದರೆ ಇವರು ಧೂಪದಾನಿಯನ್ನು ನೆಟ್ಟಗೆ ತಂದು ಗೀಸರಿನ ಕಾಲುಗಳ ನಡುವೆ, ಸರಿಯಾಗಿ ದೀಪದ ಅಡಿಗೆ, ಇಟ್ಟರು. ಇಟ್ಟು ಇನ್ನೊಂದು ಚಿಟಿಕೆ ಉದುರಿಸಿದರು.

ಅಲ್ಲಾಬಕ್ಷ್‌ನ ಕಣ್ಣೆದುರಿಗೇ ನೀಲಿ ಜ್ವಾಲೆ ಹಳದಿಗೆ ತಿರುಗಿತು. ಉಬ್ಬಸ ಹಿಡಿದವನ ಹಾಗೆ ಎದ್ದು ಬಿದ್ದು ತೇಲಾಡಿತು. ಆರಿತು. ಸ್ವಲ್ಪ ಹೊತ್ತಿಗೆ ಒಳಗಿಂದ 'ಟಕ್'.

"ನೋಡಿದ್ರಾ?" ಅಂದರು ಮೆಹಬೂಬ್ ಬೀ. "ಲೋಬಾನ ಹಾಕಿದ್ರೂ ಆರಿಸುತ್ತೆ ಅಂದ್ರೆ ಎಂಥಾ ಹಠಮಾರಿ ಇರಬೇಕು ಅದು."

"ಯಾವುದು ಆಪಾ?" ಅಲ್ಲಾಬಕ್ಷ್ ಕೆಮ್ಮುತ್ತ ಕೇಳಿದ.

ಅವರು ದನಿ ತಗ್ಗಿಸಿದರು. "ಬಚ್ಚಲ ಹತ್ರ ಜಿನ್ ಇರುತ್ತೆ, ನಿಮಗೆ ಗೊತ್ತಿಲ್ವಾ? ಆಷಾಢದ ಗಾಳೀಲಿ ಒಂದ್ಸಲ ದೀಪ ಆರ್ತು. ಇದು ಅದರದ್ದೇ ಕೆಲಸ ಅಂತ ಅವತ್ತಿಂದ ಇಲ್ಲಿಗೂ ಲೋಬಾನ ಶುರುಮಾಡಿದೆ. ಅಲ್ಲಿಂದ ಅದು ಜಾಸ್ತಿ ಆರಿಸ್ತಾ ಇದೆ. ನಾನೂ ಜಾಸ್ತಿ ಹಾಕ್ತಾ ಇದೀನಿ. ನೋಡೋಣ ಯಾರು ಸೋಲ್ತಾರೆ ಅಂತ."

ಅಲ್ಲಾಬಕ್ಷ್‌ನ ಬಾಯಿ ತೆರೆಯಿತು. ಗ್ಯಾಸಿನ ಅಡಿಗೆ ಕೆಂಡ ಇಡುವವರನ್ನು ಅವನ ವೃತ್ತಿಯಲ್ಲಿ ಏನನ್ನುತ್ತಾರೋ ಅದು ನಾಲಿಗೆಯ ತುದಿಗೆ ಬಂದು ನಿಂತಿತು. ಆಗ ಶಿರೀನ್ ನೆನಪಾದಳು. ಬಾಯಿ ಮುಚ್ಚಿತು. ಧೂಪದಾನಿಯನ್ನು ಮೆಲ್ಲಗೆ ಎಳೆದು ದೂರವಿಟ್ಟು, "ಒಂದು ಫೋನ್ ಮಾಡ್ಬೇಕು ಆಪಾ" ಅಂದು ಅಂಗಳಕ್ಕೆ ಹೋದ.

ಅಡಕತ್ತರಿಯಲ್ಲಿ ಸಿಕ್ಕಿದ ಅಡಿಕೆಯ ಸ್ಥಿತಿ. ಹೇಳಿದರೆ ರಿಶ್ತಾ ಹೋಯಿತು. ನನ್ನ ಲೋಬಾನದಲ್ಲಿ ತಪ್ಪು ಹುಡುಕಿದವನ ಮಗಳು ನನಗೆ ಬೇಡ ಅನ್ನುತ್ತಾರೆ. ಹೇಳದಿದ್ದರೆ ದೀಪ ನಿಲ್ಲುವುದಿಲ್ಲ, ಆಗಲೂ ರಿಶ್ತಾ ಹೋಯಿತು.

"ಶಿರೀನ್, ಇಲ್ಲೊಂದು ಕಥೆ ಆಗಿದೆ" ಎಂದು ಶುರುಮಾಡಿದ.

"ಲೋಬಾನ ಕಣ್ಣಿಗೆ ಬಿತ್ತಾ ಅಬ್ಬಾ?"

ಅಲ್ಲಾಬಕ್ಷ್ ಫೋನನ್ನು ಕಿವಿಯಿಂದ ತೆಗೆದು, ಅದರ ಮುಖ ನೋಡಿ, ಮತ್ತೆ ಕಿವಿಗಿಟ್ಟ. "ನಿಂಗೆ ಹೆಂಗೆ ಗೊತ್ತು?"

ಆ ಕಡೆಯಿಂದ ಕಿಸಕ್ಕನೆ ನಗು. "ಉಮೈರ್ ಮೊದಲೇ ಹೇಳಿದ್ದ. ನೀವು ಫಸ್ಟ್ ಟೈಮ್ ಹೋದ್ರಲ್ಲ, ಅದಕ್ಕಿಂತ ಮುಂಚೆ."

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ ಮಾರಾಯ್ತಿ? ಬಸ್ಸಲ್ಲಿ ಓಡಾಡಿ ನನ್ನ ಸೊಂಟ ಬಿತ್ತು."

"ಹೇಳಿದ್ರೆ ನೀವು ಅವತ್ತೇ ಅವರ ಮುಖಕ್ಕೆ ಹೇಳಿ ಬರ್ತಿದ್ರಿ. ಈಗ ನೋಡಿ, ಅಷ್ಟು ಸಲ ಹೋದ್ರಿ, ಬಾಯಿ ಮುಚ್ಕೊಂಡು ಬಂದ್ರಿ. ಜೀವನದಲ್ಲಿ ಮೊದಲ ಸಲ ಪ್ರಾಕ್ಟೀಸ್ ಆಯ್ತು. ಅವರಿಗೂ ನಿಮ್ಮ ಮುಖ ರೂಢಿ ಆಯ್ತು."

ಮಗಳಿಗೆ ಬಂದದ್ದು ಬಾಯಿ ಅಪ್ಪನದು, ಬುದ್ಧಿ ಅವಳಮ್ಮನದು. ಫೋನ್ ಇಟ್ಟು ತಿರುಗಿದರೆ ಉಮೈರ್ ಗೇಟಿನೊಳಗೆ ಬೈಕ್ ತಳ್ಳುತ್ತಿದ್ದ. ಅಲ್ಲಾಬಕ್ಷ್ ಅವನ ಹ್ಯಾಂಡಲ್ ಹಿಡಿದ.

"ಲೋಬಾನ ಅಂತ ನಿಂಗೆ ಗೊತ್ತಿತ್ತಂತೆ."

ಉಮೈರ್ ಮುಖದಲ್ಲಿ ಸೂಜಿ ಕಂಡ ದಿನದ ಬಣ್ಣ ಬಂತು. "ಅಮ್ಮಿಗೆ ಯಾರು ಹೇಳ್ತಾರೆ ಚಾಚಾ?"

"ನೀನು ಹೇಳ್ತೀಯ. ಹುಡುಗಿ ಯಾರಿಗೆ ಬೇಕು, ನಂಗಾ ನಿಂಗಾ? ತಾಯಿ ಎದುರು 'ಹೊಗೆ' ಅನ್ನಕ್ಕೆ ಬಾಯಿಲ್ಲದೋನು ನಾಳೆ ನನ್ನ ಮಗಳ ಪರ ಏನು ಮಾತಾಡ್ತೀಯ? ಇಷ್ಟು ದಿನ ಪರೀಕ್ಷೆ ನಂದಾಯ್ತು. ಈಗ ನಿಂದು. ನಡಿ ಒಳಗೆ."

ಉಮೈರ್ ಹೋದ. ಕಾಲು ಎಳೆದೆಳೆದು ಹೋದ. ಮೆಹಬೂಬ್ ಬೀ ಓಣಿಯಲ್ಲಿ ಮಣೆ ಹಾಕಿಕೊಂಡು, ಗೀಸರನ್ನು ಸಾಕ್ಷಿಕಟ್ಟೆಯಲ್ಲಿ ನಿಲ್ಲಿಸಿದ ಹಾಗೆ ನೋಡುತ್ತ ಕುಳಿತಿದ್ದರು. ಅಲ್ಲಾಬಕ್ಷ್ ಅವನ ಬೆನ್ನಿಗೆ ಒಂದು ಬೆರಳು ಒತ್ತಿದ.

"ಅಮ್ಮಿ" ಅಂದ ಉಮೈರ್.

"ಏನು?"

"ಅದು, ಲೋಬಾನ..."

ಮೆಹಬೂಬ್ ಬೀ ನಿಧಾನಕ್ಕೆ ಕತ್ತು ತಿರುಗಿಸಿದರು. "ಲೋಬಾನಕ್ಕೇನಾಯ್ತು?"

ಉಮೈರ್ ಧೂಪದಾನಿಯತ್ತ ನೋಡಿದ. "ಮುಗೀತಾ ಬಂದಿದೆ ಅಲ್ವಾ. ತರ್ಲಾ?"

"ತಾ. ಜಾಸ್ತಿನೇ ತಾ" ಅಂದರು ಅವರು. ಉಮೈರ್ ಬೈಕ್ ಸ್ಟಾರ್ಟ್ ಮಾಡಿದ ಸದ್ದು ಆ ಕ್ಷಣಕ್ಕೇ ಕೇಳಿತು. ಅಷ್ಟು ಬೇಗ ಬಾಗಿಲು ದಾಟಿದ್ದ.

ಉಳಿದದ್ದು ಅಲ್ಲಾಬಕ್ಷ್, ಮೆಹಬೂಬ್ ಬೀ, ಆರಿದ ದೀಪ. ಅಲ್ಲಾಬಕ್ಷ್ ನೆಲದ ಮೇಲೆ ಕೂತು ಸ್ಪ್ಯಾನರನ್ನು ಬಟ್ಟೆಯಲ್ಲಿ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ. ಸುಳ್ಳು ಹೇಳಿ ರೂಢಿಯಿಲ್ಲದವನು ಸುಳ್ಳು ಹೊಂದಿಸುವಾಗ ಮುಖ ಹೇಗಾಗುತ್ತದೋ, ಹಾಗಾಗಿತ್ತು ಅವನ ಮುಖ.

"ಆಪಾ, ನಮ್ಮ ತಾತ ಒಂದು ಮಾತು ಹೇಳ್ತಿದ್ರು" ಅಂದ.

"ಯಾವ ತಾತ?"

"ಅಪ್ಪನ ಅಪ್ಪ. ದೊಡ್ಡ ಮನುಷ್ಯ. ಇಂಥದ್ದೆಲ್ಲ ಅವರಿಗೆ ಗೊತ್ತಿತ್ತು." ನಿಜದಲ್ಲಿ ತಾತ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಗೇಟಿನ ಎದುರು ಬೋಂಡ ಮಾರುತ್ತಿದ್ದರು. "ಲೋಬಾನ ಯಾವತ್ತೂ ಕೆಳಗಿಂದ ಕೊಡಬಾರದು ಅಂತಿದ್ರು. ನೋಡಿ, ನೀವು ಅಡಿಯಿಂದ ಹೊಗೆ ಹಾಕ್ತೀರಿ. ಆ ಜಿನ್ನಿಗೆ ಓಡಕ್ಕೆ ದಾರಿ ಎಲ್ಲಿ? ಮೇಲೆ. ಈ ಕೊಳವೆ ಹತ್ತಿ ಹೋಗಿ ಅಲ್ಲೇ ಕೂತುಬಿಡುತ್ತೆ. ನೀವೇ ಒಳಗೆ ಕೂರಿಸಿ ಚಿಲಕ ಹಾಕಿದ ಹಂಗಾಯ್ತು. ಹೊಗೆ ದೂರದಿಂದ ಬರಬೇಕು. ಅಗೋ ಅಲ್ಲಿ, ಅಡುಗೆಮನೆ ಬಾಗಿಲಲ್ಲಿ ಇಡಿ. ಕಿಟಕಿ ತೆಗೀರಿ. ಹೊಗೆ ಆ ಕಡೆಯಿಂದ ಬಂದ್ರೆ ಅದು ಈ ಕಿಟಕಿಯಿಂದ ಆಚೆ ಹೋಗುತ್ತೆ."

"ಕಿಟಕಿಗೆ ರಟ್ಟು ಹೊಡೆದೋರು ನೀವೇ ತಾನೆ?"

"ತಪ್ಪಾಯ್ತು ಆಪಾ. ಅದು ಹೋಗೋ ದಾರಿ ಅಂತ ನಂಗೇನು ಗೊತ್ತು?"

ಎದ್ದು ರಟ್ಟು ಕಿತ್ತ. ತೂತು ಮತ್ತೆ ಒರೆಸಿ ದೀಪ ಹಚ್ಚಿದ. ಮೆಹಬೂಬ್ ಬೀ ತಾವಾಗಿಯೇ ಧೂಪದಾನಿ ಎತ್ತಿಕೊಂಡು ಹೋಗಿ ಅಡುಗೆಮನೆಯ ಹೊಸ್ತಿಲಲ್ಲಿಟ್ಟು, ಅಲ್ಲಿಂದಲೇ ಕೈಬೀಸಣಿಗೆಯಲ್ಲಿ ಹೊಗೆ ಬೀಸಿದರು. ಹೊಗೆ ತೆಳ್ಳಗಾಗಿ ಬಂದು, ಗೀಸರನ್ನು ಸವರಿ, ಕಿಟಕಿಯಿಂದ ಹೊರಗೆ ಹೋಯಿತು. ಇಬ್ಬರೂ ಬಗ್ಗಿ ನೋಡಿದರು. ನೀಲಿ ಜ್ವಾಲೆ ಕದಲಲಿಲ್ಲ. ಉಮೈರ್ ಲೋಬಾನ ತಂದು ಬಾಗಿಲಲ್ಲಿ ನಿಂತ, ಆಗಲೂ ಇತ್ತು. ಟ್ಯಾಂಕಿನೊಳಗೆ ನೀರು ಸಣ್ಣಗೆ ಸದ್ದು ಮಾಡತೊಡಗಿತು, ಆಗಲೂ ಇತ್ತು.

ಮೆಹಬೂಬ್ ಬೀ ನೆಟ್ಟಗೆ ನಿಂತು ಸೊಂಟ ಹಿಡಿದುಕೊಂಡರು. ಅಲ್ಲಾಬಕ್ಷ್‌ನನ್ನು ಭದ್ರಾವತಿಯಲ್ಲಿ ನೋಡಿದ್ದಕ್ಕಿಂತಲೂ ಹೆಚ್ಚು ಹೊತ್ತು ನೋಡಿದರು.

"ಉಮೈರ್ ಅಪ್ಪನೂ ಹಿಂಗೇ" ಅಂದರು. "ನಂಗೆ ನೇರ ಹೇಳಕ್ಕೆ ಹೆದರಿಕೆ ಆದಾಗೆಲ್ಲ ಅವರ ತಾತನ್ನ ಕರ್ಕೊಂಡು ಬರ್ತಿದ್ರು. ಆ ತಾತ ಏನೇನೆಲ್ಲ ಹೇಳಿ ಹೋಗಿದ್ರು ಅಂತೀರಾ."

ಸಿಕ್ಕಿಬಿದ್ದೆನೋ, ಪಾಸಾದೆನೋ ಅಲ್ಲಾಬಕ್ಷ್‌ಗೆ ತಿಳಿಯಲಿಲ್ಲ. ಸ್ಪ್ಯಾನರನ್ನು ಚೀಲಕ್ಕೆ ಹಾಕಿ ಎದ್ದ. "ನಾನಿನ್ನು ಬರ್ತೀನಿ ಆಪಾ. ಬಸ್ ಹೋಗಿಬಿಡುತ್ತೆ."

ಅವರು ಆಗಲೇ ಅಡುಗೆಮನೆಯೊಳಗಿದ್ದರು. ಒಳಗಿಂದ ಪಾತ್ರೆಯ ಸದ್ದಿನ ಜೊತೆ ಮಾತು ಬಂತು.

"ಬೈಠೋ ಸಮ್ದಿ. ಖಾನಾ ಖಾಕೇಚ್ ಜಾನಾ."

ಉಂಡುಕೊಂಡೇ ಹೋಗಿ ಅಂತ, ಅದೂ ದಖನಿಯಲ್ಲಿ. ಸಮ್ದಿ ಅಂದರೆ ಬೀಗರು. ಉಮೈರ್ ಲೋಬಾನದ ಪೊಟ್ಟಣವನ್ನು ಕೈಯಿಂದ ಕೆಳಗೆ ಬಿಟ್ಟ. ಅಲ್ಲಾಬಕ್ಷ್ ಗೀಸರಿನ ಮುಂದಿದ್ದ ಮಣೆಯ ಮೇಲೆ ಕೂತ. ಏನಾದರೂ ಹೇಳಬೇಕೆನಿಸಿತು, ಹೇಳಲಿಲ್ಲ. ಪ್ರಾಕ್ಟೀಸ್ ಆಗಿತ್ತು.

ಮುಂದಿನ ಶುಕ್ರವಾರ ಫೋನ್ ಬರಲಿಲ್ಲ. ಅದರ ಮುಂದಿನದ್ದಕ್ಕೂ ಇಲ್ಲ. ನಿಕಾಹ್‌ಗೆ ದಿನ ಗೊತ್ತುಮಾಡಿದರು. ಅಲ್ಲಾಬಕ್ಷ್ ತನ್ನ ರಿಪೇರಿ ಅಂಗಡಿಗೆ ಬಂದವರಿಗೆಲ್ಲ ನಮ್ಮ ತಾತ ಎಂಥ ಜ್ಞಾನಿ ಎಂದು ಹೇಳತೊಡಗಿದ. ಒಂದು ದಿನ ಅವನು ಯಾರದೋ ಒಲೆಯ ಬರ್ನರ್ ಉಜ್ಜುತ್ತಿದ್ದಾಗ ಫೋನ್ ರಿಂಗಾಯಿತು. ಶಿರೀನ್ ನೋಡಿ, "ನಿಮ್ಮ ಸಮ್ದನ್" ಎಂದು ಕೈಗಿತ್ತಳು.

"ಗೀಸರ್ ಫಸ್ಟ್ ಕ್ಲಾಸಾಗಿದೆ ಸಮ್ದಿ" ಅಂದರು ಮೆಹಬೂಬ್ ಬೀ. ಮಾತು ಕನ್ನಡದಲ್ಲಿತ್ತು. ಅಲ್ಲಾಬಕ್ಷ್ ಕೂತಲ್ಲೇ ನೆಟ್ಟಗಾದ. "ಆದ್ರೆ ಈಗ ಒಲೆ ಉರಿ ಸಣ್ಣ ಆಗಿಬಿಟ್ಟಿದೆ."

"ಲೋಬಾನ ಎಲ್ಲಿಡ್ತಿದೀರಿ ಆಪಾ?"

"ನಿಮ್ಮ ತಾತ ಹೇಳಿದ ಕಡೇನೇ. ಅಡುಗೆಮನೆ ಬಾಗಿಲಲ್ಲಿ. ಆ ಜಿನ್ ಕಿಟಕಿಯಿಂದ ಆಚೆ ಹೋಗುತ್ತೆ ಅಂದ್ರಿ. ಎಲ್ಲಿ ಹೋಗುತ್ತೆ? ತಿರುಗಿ ಒಳಗೆ ಬಂದು ನನ್ನ ಒಲೇಲಿ ಕೂತಿದೆ." ಆ ದನಿಯ ಅಡಿಯಲ್ಲಿ ನಗುವಿತ್ತೋ ಇಲ್ಲವೋ, ಅಲ್ಲಾಬಕ್ಷ್‌ಗೆ ಈ ಜನ್ಮದಲ್ಲಿ ಗೊತ್ತಾಗುವಂತಿರಲಿಲ್ಲ. "ಬರ್ತಾ ಸ್ಪ್ಯಾನರ್ ತನ್ನಿ. ಹೊಳೆಗೆ ಹಾಕಿಲ್ಲ ಅಂತ ನಂಗೊತ್ತು. ತಾತನ್ನೂ ಕರ್ಕೊಂಡು ಬನ್ನಿ."